ಅಪ್ಪನ ಕಾಗದ ಬರೆಯೋದು ಯಾರು?

ಸಾವಿನ ಮಾತು ತೆಗೆದರೆ ಮನುಷ್ಯನಿಗೆ ಅಳು ಬರಬೇಕು. ಆದರೆ ನನ್ನ ಹತ್ತಿರ ಬಂದು ಆ ಮಾತು ತೆಗೆದವರೆಲ್ಲ ನನ್ನನ್ನು ನಗಿಸಿಯೇ ಹೋಗಿದ್ದಾರೆ. ವಾರಕ್ಕೆ ಒಂದಾದರೂ ಇಂಥದ್ದು ನಡೆಯದಿದ್ದರೆ ಅಂಗಡಿ ಬಿಕೋ ಅನ್ನುತ್ತದೆ.

ನಾನು ಜಮಖಂಡಿಯಲ್ಲಿ ಬಾಂಡ್ ರೈಟರ್. ನೋಂದಣಿ ಕಚೇರಿ ಹತ್ತಿರ ಒಂದು ತಗಡಿನ ಶೆಡ್ಡು, ಒಂದು ಟೇಬಲ್ಲು, ಕಂಪ್ಯೂಟರು, ಬಂದವರು ಕೂರಲು ಪ್ಲಾಸ್ಟಿಕ್ ಕುರ್ಚಿ. ಮೃತ್ಯುಪತ್ರ, ಬಕ್ಷೀಸು ಪತ್ರ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ, ಎಲ್ಲವನ್ನೂ ಬರೆಯುತ್ತೇನೆ. ಸುತ್ತಲಿನ ಊರುಗಳ ಮುದುಕರು ತಮ್ಮ ಹಿಂದಿನ ವ್ಯವಸ್ಥೆ ಏನಾಗಬೇಕು ಅಂತ ಕೇಳಲು ನನ್ನ ಬಳಿಗೇ ಬರುತ್ತಿದ್ದರು. ಬರುತ್ತಿದ್ದರು ಅಂತ ಯಾಕಂದೆ ಅಂದರೆ, ಈಗ ನನ್ನ ಶೆಡ್ಡಿನ ಎದುರಿಗೇ, ಮೇಲಂತಸ್ತಿನಲ್ಲಿ ಒಬ್ಬ ಹರೆಯದ ವಕೀಲ ಬಂದು ಕೂತಿದ್ದಾನೆ. ಗಾಜಿನ ಬಾಗಿಲು, ಒಳಗೆ ಏಸಿ, ಹೊರಗೆ ರಾತ್ರಿಯೂ ಬೆಳಗುವ ಬೋರ್ಡು: ‘ಫ್ಯಾಮಿಲಿ ಟ್ರಸ್ಟ್, ಮೃತ್ಯುಪತ್ರ, ಹಿರಿಯರ ಆರೈಕೆಯ ಯೋಜನೆ’. ನನಗೆ ಬೋರ್ಡೂ ಇಲ್ಲ, ಬಾಗಿಲೂ ಇಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನಿದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಮ್ಮ ಅಪ್ಪ ಬನಹಟ್ಟಿಯಲ್ಲಿ ಅವ್ವ ಮತ್ತು ನನ್ನ ತಮ್ಮನ ಜೊತೆ ಇರುತ್ತಾನೆ. ಮನೆ ಮತ್ತು ಪಾವರ್‌ಲೂಮಿನ ಶೆಡ್ಡು ಇನ್ನೂ ಅಪ್ಪನ ಹೆಸರಿನಲ್ಲಿವೆ, ಮಗ್ಗ ನಡೆಸುವವನು ತಮ್ಮ. ಆ ಅಪ್ಪ ಈಚೆಗೆ, ಸಾಕ್ಷಿಗೋ ಏನೋ, ಓಣಿಯ ಒಬ್ಬಿಬ್ಬರು ಮುದುಕರನ್ನು ಕಟ್ಟಿಕೊಂಡು ಬನಹಟ್ಟಿಯಿಂದ ಬಸ್ಸು ಹತ್ತಿ ಬಂದು, ನನ್ನ ಶೆಡ್ಡಿನ ಕಡೆ ಕಣ್ಣೆತ್ತಿಯೂ ನೋಡದೆ, ಕೋಲೂರಿಕೊಂಡು ಆ ವಕೀಲನ ಮೆಟ್ಟಿಲು ಹತ್ತುತ್ತಿದ್ದಾನೆ! ಊರ ಮಂದಿಯ ಕಾಗದವೆಲ್ಲ ಬರೆದ ಹಿರಿಮಗ ಕೆಳಗೆ ಕೂತಿದ್ದಾನೆ, ಹೆತ್ತ ಅಪ್ಪ ತನ್ನ ಕಾಗದ ಬರೆಸಲು ಮೇಲೆ ಹೋಗುತ್ತಾನೆ. ಆ ಕಾಗದದಲ್ಲಿ ಏನಿದೆ, ಅಪ್ಪ ನೆಚ್ಚಿಕೊಂಡದ್ದು ನನ್ನನ್ನೋ ತಮ್ಮನನ್ನೋ? ಇದೊಂದು ಹುಳ ಈ ವರ್ಷವಿಡೀ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮುಂದೆ ಹೇಳುವ ಪ್ರಸಂಗಗಳನ್ನೆಲ್ಲ ಈ ಹುಳ ಇಟ್ಟುಕೊಂಡೇ ನೋಡಿದ್ದೇನೆ, ಆದ್ದರಿಂದ ನನ್ನ ನಗು ಅಲ್ಲಲ್ಲಿ ಹುಳಿಯಾಗಿದ್ದರೆ ಕ್ಷಮಿಸಬೇಕು.

ನಮ್ಮನಿ

ಬಾಡಗಂಡಿ ಕಡೆಯ ಒಬ್ಬ ಅಜ್ಜ. ಕಬ್ಬು ಬೆಳೆಯುವ ಗಟ್ಟಿ ಕುಳ, ಇಬ್ಬರು ಹೆಂಡಿರು. ಮೃತ್ಯುಪತ್ರ ಬರೆಸಲು ಬಂದಾಗ, "ಮೊದಲು ಬ್ಯಾಂಕಿನ ಖಾತೆಗೆ ನಾಮಿನಿ ಹೆಸರು ಕೊಡ್ರಿ, ಹಿಂದಿನವರಿಗೆ ಓಡಾಟ ತಪ್ಪತೈತಿ" ಅಂದೆ. "ನೀವೂ ಬರ್ರಿ" ಅಂತ ನನ್ನನ್ನೂ ಎಳೆದುಕೊಂಡು ಬೀಳಗಿಯ ಬ್ಯಾಂಕಿಗೆ ಹೋದ. ಹೆಂಡಿರಿಬ್ಬರೂ ಹಿಂದೆಯೇ ಬಂದರು. ಒಬ್ಬಳು ಬಂದರೆ ಇನ್ನೊಬ್ಬಳು ಮನೆಯಲ್ಲಿ ನಿಲ್ಲುವ ಪೈಕಿ ಅಲ್ಲ.

ಬ್ಯಾಂಕಿನಲ್ಲಿ ಇದ್ದವಳು ಮೈಸೂರು ಕಡೆಯ ಹುಡುಗಿ. "ಅಜ್ಜಾ, ನಿಮ್ಮ ನಾಮಿನಿ ಯಾರು?" ಅಂತ ಕೇಳಿದಳು.

"ನಮ್ಮನಿ? ನಮ್ಮನಿ ನಂದ ಐತ್ರಿ" ಅಂದ ಅಜ್ಜ.

"ಅಲ್ಲ ಅಜ್ಜಾ, ನೀವು ಹೋದ ಮೇಲೆ..."

"ನಾ ಹ್ವಾದ ಮ್ಯಾಲೂ ನಮ್ಮನಿ ಅಲ್ಲೇ ಇರತೈತ್ರಿ. ಬಾಡಗಂಡಿ ಬಿಟ್ಟ ಎಲ್ಲಿ ಹೊಕ್ಕೈತಿ?"

ನಾನು ನಡುವೆ ಬಾಯಿ ಹಾಕಿ, ಇದು ಮನೆಯ ಮಾತಲ್ಲ, ಅಜ್ಜ ಕಣ್ಣು ಮುಚ್ಚಿದ ಮೇಲೆ ಖಾತೆಯ ರೊಕ್ಕವನ್ನು ಬ್ಯಾಂಕಿನವರು ಯಾರ ಕೈಗೆ ಕೊಡಬೇಕು ಅನ್ನುವ ಮಾತು ಅಂತ ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹೆಂಡಿರಿಬ್ಬರೂ ಒಮ್ಮೆಲೇ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

"ನಾ ಮೊದಲ ಬಂದಾಕಿ" ಅಂದಳು ಹಿರಿಯಳು.

"ನಾ ಕಡೀತನಾ ಇರಾಕಿ" ಅಂದಳು ಕಿರಿಯಳು.

ಅಜ್ಜ ಆ ಕಡೆ ನೋಡಿದ, ಈ ಕಡೆ ನೋಡಿದ. ಬೆವರು ಒರೆಸಿಕೊಂಡು, "ಬಾಯಾರ, ನನ್ನ ಹೆಸರ ಬರಕೋರಿ" ಅಂದ.

"ನಿಮ್ಮ ಖಾತೆಗೆ ನೀವೇ ನಾಮಿನಿ ಆಗೋಕೆ ಬರಲ್ಲ ಅಜ್ಜಾ."

"ಹಂಗಾರ ಇಂವಾ ಸಾಯೂದಿಲ್ಲ ಅಂತ ಬರಕೋರಿ. ಈಕಿ ಹೆಸರ ಹೇಳಿದ್ರ ಆಕಿ, ಆಕಿ ಹೆಸರ ಹೇಳಿದ್ರ ಈಕಿ, ಇವತ್ತ ನನ್ನ ಮನಿ ಮುಟ್ಟಾಕ ಬಿಡೂದಿಲ್ಲ!"

ಪಾಳಿ

ಮುಧೋಳದ ಮೂವರು ಅಣ್ಣತಮ್ಮಂದಿರು ವಾಟ್ನಿ ಪತ್ರಕ್ಕೆ ಬಂದಿದ್ದರು. ಹೊಲ ಹಂಚಿ ಆಯಿತು, ಮನೆ ಹಂಚಿ ಆಯಿತು, ಒಂದು ಮಾತೂ ಏರಲಿಲ್ಲ. ತಾಯಿಯ ಮಾತು ಬಂದಾಗ ಮಾತ್ರ ಸಮಸ್ಯೆ ಎದ್ದಿತು. ತಾಯಿಯನ್ನು ಯಾರೂ ಬೇಡ ಅನ್ನುತ್ತಿರಲಿಲ್ಲ. ಮೂವರೂ ಬೇಕು ಅನ್ನುತ್ತಿದ್ದರು, ಬೇಸಿಗೆಯಲ್ಲಿ ಮಾತ್ರ.

ನಮ್ಮ ಕಡೆ ತಂದೆ ತಾಯಿ ಮಕ್ಕಳ ಮನೆಯಲ್ಲಿ ಪಾಳಿಯ ಮೇಲೆ ಇರುವುದುಂಟು, ಇಷ್ಟು ತಿಂಗಳು ಇವನಲ್ಲಿ, ಇಷ್ಟು ತಿಂಗಳು ಅವನಲ್ಲಿ. ಈ ತಾಯಿಯ ಕೈಯ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಓಣಿಯಲ್ಲೆಲ್ಲ ಹೆಸರಾದವು. ಬೇಸಿಗೆಯಲ್ಲಿ ಆಕೆ ಯಾರ ಮನೆಯಲ್ಲಿ ಇರುತ್ತಾಳೋ ಅವರ ಡಬ್ಬಿಗಳು ವರ್ಷಕ್ಕಾಗುವಷ್ಟು ತುಂಬುತ್ತವೆ. ಚಳಿಗಾಲದಲ್ಲಿ ಆಕೆಯ ಮೊಣಕಾಲು ಹಿಡಿಯುತ್ತದೆ, ದಿನಾ ಎಣ್ಣೆ ತಿಕ್ಕಬೇಕು. "ಹೋದ ಬ್ಯಾಸಗಿ ಅವ್ವ ನಿಮ್ಮಲ್ಲಿ ಇದ್ದಳು, ನಮಗ ಒಂದ ಹಪ್ಪಳ ಮುಟ್ಟಿಲ್ಲ" ಅಂತ ನಡುವಿನ ಸೊಸೆ, "ನೀ ಏನ ಕಡಿಮಿ ಅಲ್ಲವಾ, ಮಾವಿನಕಾಯಿ ಉಪ್ಪಿನಕಾಯಿ ಬರಣಿ ಪೂರಾ ತವರಮನಿಗಿ ಕಳಿಸೀದಿ" ಅಂತ ಹಿರಿಸೊಸೆ. ನನ್ನ ಶೆಡ್ಡು ಸಂತೆಯಾಯಿತು.

ಕೊನೆಗೆ ಬೇಸಿಗೆ ಸರದಿಯ ಮೇಲೆ ಬರುವಂತೆ ಒಪ್ಪಿಸಿ ಬರೆಯಲು ಕೂತೆ. ‘ತಾಯಿಯನ್ನು ಮೂರು ಪಾಳಿ ಮಾಡಿ ಮಕ್ಕಳು ಕರೆದೊಯ್ಯತಕ್ಕದ್ದು’ ಅಂತ ಆಗಬೇಕಿತ್ತು. ಬೆಳಗಿನಿಂದ ಹೊಲದ ಪಾಲು, ಮನೆಯ ಪಾಲು ಅಂತ ಟೈಪು ಹೊಡೆದ ಕೈ ಅದನ್ನೇ ಹೊಡೆಯಿತು. ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ: "ತಾಯಿಯನ್ನು ಮೂರು ಪಾಲು ಮಾಡಿ ಮಕ್ಕಳು ಕರೆದೊಯ್ಯತಕ್ಕದ್ದು."

ಅಷ್ಟು ಹೊತ್ತು ಮೂಲೆಯಲ್ಲಿ ಬಾಯಿ ಬಿಡದೆ ಕೂತಿದ್ದ ತಾಯಿ ಎಲೆ ಅಡಿಕೆ ಉಗುಳಿ ಬಂದು ಹೇಳಿದಳು:

"ಛಲೋ ಬರದೀರಿ. ಮೊಣಕಾಲ ಸಣ್ಣ ಸೊಸಿಗಿ ಹಚ್ಚರಿ, ತಿಕ್ಕಿಕೋತ ಕುಂದರಲಿ. ಕೈ ಎರಡೂ ನಡುವಿನಾಕಿಗಿ ಇರಲಿ, ಹಪ್ಪಳಾ ಮಾಡಿಸ್ಕೊಳ್ಳಲಿ. ಕಿವಿ ಹಿರೇಕಿಗಿ ಕೊಡ್ರಿ, ಆಕಿ ಬಯ್ಗಳಾ ಆಕಿನ ಕೇಳ್ಕೊಳ್ಳಲಿ. ನಾಲಿಗಿ ಮಾತ್ರ ಯಾರಿಗೂ ಕೊಡೂದಿಲ್ರಿ ಮತ್ತ. ಅದು ನನ್ನ ಸ್ವಯಾರ್ಜಿತ!"

ಚಮಚ

ಇದು ಸಣ್ಣದು. ಮುಧೋಳದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದ ನಿವೃತ್ತ ಮಾಸ್ತರರು ನನಗೆ ಹೇಳಿ ಕಳಿಸಿದ್ದರು. ತಾವು ಹಾಸಿಗೆ ಹಿಡಿದಾಗ ಮಗನೇ ಬ್ಯಾಂಕು, ಹೊಲ ನೋಡಿಕೊಳ್ಳಲಿ ಅಂತ ಮುಖತ್ಯಾರ ಪತ್ರ ಬರೆಸುವ ವಿಚಾರ. ನಾನು ಹೋದಾಗ ಹಿರಿಮಗಳು ಅವರಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಳು, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಮೊಬೈಲು. ‘ಅಪ್ಪನ ಸೇವೆಯೇ ದೇವರ ಸೇವೆ’ ಅಂತ ವಾಟ್ಸಾಪಿನ ಸ್ಟೇಟಸ್ಸಿಗೆ ಫೋಟೋ ಏರಿತು. ಅದನ್ನು ನೋಡಿದ ಕಿರಿಮಗಳು ಅರ್ಧ ತಾಸಿನಲ್ಲಿ ಡಬ್ಬಿ ಹಿಡಿದು ಓಡಿ ಬಂದಳು. ಇನ್ನೊಂದು ಸುತ್ತು ಉಪ್ಪಿಟ್ಟು, ಇನ್ನೊಂದು ಫೋಟೋ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಒಬ್ಬರ ಸ್ಟೇಟಸ್ಸು ಮಾತ್ರ ಒಬ್ಬರು ನೋಡಿದರು.

ಅಷ್ಟರಲ್ಲಿ ಮಗ ಬಂದ, ಕೈಯಲ್ಲಿ ಮೂರನೆಯ ಡಬ್ಬಿ. ಮಾಸ್ತರರು ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಅಂಗಲಾಚಿದರು:

"ಫೋಟೋ ಬೇಕಾದಷ್ಟ ತಗೋ ತಮ್ಮಾ, ಬ್ಯಾಡ ಅನ್ನಂಗಿಲ್ಲ. ಖಾಲಿ ಚಮಚ ಹಿಡಿ. ಫೋಟೋದಾಗ ಯಾರಿಗೂ ಗೊತ್ತಾಗೂದಿಲ್ಲ."

ಬೋರ್ಡು

ತೇರದಾಳದ ಒಬ್ಬ ವ್ಯಾಪಾರಿಗೆ ನಮ್ಮ ಮೇಲಂತಸ್ತಿನ ವಕೀಲ ಫ್ಯಾಮಿಲಿ ಟ್ರಸ್ಟ್ ಮಾಡಿಕೊಟ್ಟ. ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದರೆ ಮುಪ್ಪಿನಲ್ಲಿ ಔಷಧ, ಆರೈಕೆ ಅದರಿಂದಲೇ ನಡೆಯುತ್ತದೆ, ಆಮೇಲೆ ಮಕ್ಕಳು ಕಚ್ಚಾಡುವುದಿಲ್ಲ ಅನ್ನುವ ಏರ್ಪಾಡು. ಒಳ್ಳೆಯದೇ. ನನ್ನ ಕೈಯಿಂದ ಆಗದ್ದು ಅವನ ಕೈಯಿಂದ ಆಯಿತಲ್ಲ ಅನ್ನುವುದೊಂದು ಬಿಟ್ಟರೆ ನನ್ನ ತಕರಾರಿಲ್ಲ.

ಆದರೆ ನಮ್ಮಲ್ಲಿ ಟ್ರಸ್ಟ್ ಅಂದರೆ ಗುಡಿಯದು, ಶಾಲೆಯದು, ಮಂಗಲ ಕಾರ್ಯಾಲಯದ್ದು. ವ್ಯಾಪಾರಿ ಮನೆಯ ಮುಂದೆ ಟ್ರಸ್ಟಿನ ಬೋರ್ಡು ಹಾಕಿಸಿದ್ದೇ ತಡ, ಒಬ್ಬ ಬಂದು ಮಗಳ ಮದುವೆಗೆ ಹಾಲ್ ಕೇಳಿದ. ಇನ್ನೊಬ್ಬ, ಪ್ರಸಾದ ಯಾವ ವಾರ ಅಂದ. ವ್ಯಾಪಾರಿಯನ್ನು ಎಲ್ಲರೂ ‘ಟ್ರಸ್ಟಿನ ಸಾವಕಾರ’ ಅನ್ನತೊಡಗಿದರು. ಇದನ್ನೆಲ್ಲ ಪಕ್ಕದ ಮನೆಯವನು ಕಣ್ಣಾರೆ ಕಂಡ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಗೋಡೆಗೆ ಮನೆ ಕಟ್ಟಿದವರು. ಅವನಿಗೆ ಉರಿಯದೆ ಇರುತ್ತದೆಯೇ? ವಕೀಲನ ಹತ್ತಿರ ಹೋದ, ವಕೀಲ ನಕ್ಕು ಕಳಿಸಿದ. ಅಲ್ಲಿಂದ ಇಳಿದು ನೇರ ನನ್ನ ಶೆಡ್ಡಿಗೆ ಬಂದ.

"ನಂದೂ ಒಂದ ಟ್ರಸ್ಟ್ ಆಗಬೇಕ್ರಿ, ನಾಳಿಗೇ."

ವಕೀಲ ಕೈಬಿಟ್ಟ ಗಿರಾಕಿ ನನಗೆ ಬಂದನಲ್ಲ ಅಂತ ಖುಷಿಯಿಂದ ಕುರ್ಚಿ ಒರೆಸಿ ಕೂರಿಸಿದೆ. "ಮನ್ಯಾಗ ಯಾರ್ಯಾರ ಇದೀರಿ?"

"ನಾ ಒಬ್ಬಾಂವ. ಮತ್ತ ಒಂದ ಎಮ್ಮಿ ಐತ್ರಿ."

"ಮನಿ ಯಾರ ಹೆಸರಲೆ ಐತಿ?"

"ಅಕ್ಕನ ಮಗನ ಹೆಸರಿಗಿ ಬರದ ಕೊಟ್ಟ ಭಾಳ ವರ್ಷ ಆತ್ರಿ. ಅವನ ನೋಡ್ಕೋತಾನ ನನ್ನ."

"ಮತ್ತ ಟ್ರಸ್ಟಿಗಿ ಏನ ಹಾಕತೀರಿ?"

ನನ್ನಂಥ ದಡ್ಡನನ್ನು ಕಂಡೇ ಇಲ್ಲ ಅನ್ನುವ ಹಾಗೆ ನೋಡಿ ಹೇಳಿದ: "ಬೋರ್ಡ ಹಾಕತೇನ್ರಿ! ಅವನ ಬೋರ್ಡಕಿಂತ ಒಂದ ಗೇಣ ಉದ್ದ!"

ಕಿಚ್ಚು

ಊರವರ ಮಾತಾಯಿತು, ಈಗ ನಮ್ಮ ಮನೆಯದು.

ಅಪ್ಪ ವಕೀಲನ ಮೆಟ್ಟಿಲು ಹತ್ತುವುದನ್ನು ಮೊದಲ ಸಲ ಕಂಡ ದಿನವೇ ತಮ್ಮನ ಫೋನು ಬಂತು. "ಅಣ್ಣಾ, ಅಪ್ಪ ಜಮಖಂಡಿಗಿ ಬಂದಿದ್ದ. ನಿನ್ನ ಕಡೆ ಏನರ ಬರಸಿದನೇನು?" ಧ್ವನಿಯಲ್ಲೇ ಗೊತ್ತಾಯಿತು, ನಾನು ಅಪ್ಪನನ್ನು ಕರೆಸಿ ನನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದೇನೆ ಅಂತ ಅವನ ಗುಮಾನಿ. ಅವನೇ ಅಪ್ಪನನ್ನು ವಕೀಲನ ಹತ್ತಿರ ಅಟ್ಟುತ್ತಿದ್ದಾನೆ ಅಂತ ನನ್ನ ಗುಮಾನಿ. ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಬದಲಿಗೆ ಅಪ್ಪನ ಸೇವೆಗೆ ಬಿದ್ದೆವು.

ನಾನು ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದೆ. ತಮ್ಮ ಅವ್ವನ ಕಿವಿಗೆ ಮಷೀನು ಹಾಕಿಸಿದ. ನಾನು ಸಂಡಾಸಕ್ಕೆ ಕುರ್ಚಿ ಕಮೋಡು ಕೂರಿಸಿದೆ, ಅವನು ಅದರ ಎರಡೂ ಬದಿಗೆ ಹಿಡಿದು ಏಳಲು ಸ್ಟೀಲಿನ ಹಿಡಿಕೆ ಹಾಕಿಸಿದ. ನಾನು ಹಟಕ್ಕೆ ಬಿದ್ದು ಅಮೀನಗಡದ ಕರದಂಟು ಒಯ್ದೆ. ಅಪ್ಪನಿಗೆ ಹಲ್ಲಿಲ್ಲ ಅನ್ನುವುದು ಆ ಸೇವೆಯ ಭರದಲ್ಲಿ ನೆನಪೇ ಆಗಲಿಲ್ಲ. ತಮ್ಮ ನಕ್ಕ, ಮರುವಾರ ಅಪ್ಪನಿಗೆ ಹಲ್ಲಿನ ಸೆಟ್ಟು ಮಾಡಿಸಿದ. ಈಗ ಅಪ್ಪ ನನ್ನ ಕರದಂಟನ್ನು ಅವನ ಹಲ್ಲಿನಿಂದ ಕಟಕಟ ಕಡಿಯುತ್ತಾನೆ. ಇದರ ಪುಣ್ಯ ಯಾರ ಖಾತೆಗೆ ಸೇರಬೇಕು, ನೀವೇ ಹೇಳಿ.

ಇಷ್ಟಾದರೂ ಅಪ್ಪ ಮೆಟ್ಟಿಲು ಹತ್ತುವುದು ನಿಲ್ಲಲಿಲ್ಲ. ನಾನೇ ನಾಚಿಕೆ ಬಿಟ್ಟು ಆ ಏಸಿಯೊಳಗೆ ಹೋಗಿ ಕೇಳಿದೆ, "ವಕೀಲ್ರ, ನಮ್ಮ ಅಪ್ಪ ಯಾರ ಹೆಸರಿಗಿ ಬರಸ್ಯಾನ್ರಿ?"

"ಗಿರಾಕಿ ಮಾತು ಹೊರಗ ಹೇಳಾಕ ಬರೂದಿಲ್ಲ ಕಾಕಾ" ಅಂದ. "ಟ್ರಸ್ಟ್ ಅಂದ್ರ ಭರೋಸಾ ಅಲ್ಲೇನ್ರಿ?" ನನ್ನ ಅಪ್ಪನ ಭರೋಸೆಯ ಪಾಠವನ್ನು ನನಗೇ ಹೇಳಿ, ಮೇಲಿಂದ ಚಹಾ ಬೇರೆ ಕೊಟ್ಟ.

ಆ ಸಂಜೆಯೆಲ್ಲ ನನ್ನ ಮುಖ ನೆಟ್ಟಗಿರಲಿಲ್ಲ. ನನಗೆ ಆಸ್ತಿ ಬೇಕಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅಪ್ಪ ಒಮ್ಮೆ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಬರಿಯಪಾ, ನಿನ್ನ ಕೈಲೆ ಬರಿ" ಅನ್ನುವುದು ಬೇಕಿತ್ತು. ದಿನವೂ ಯಾರ್ಯಾರ ಅಪ್ಪಂದಿರೋ ಬಂದು ಅನ್ನುವ ಮಾತು ಅದು.

ಮುಂದಿನ ಸಲ ಅಪ್ಪ ಮೆಟ್ಟಿಲಿಳಿಯುವುದನ್ನೇ ಕಾದು ರಟ್ಟೆ ಹಿಡಿದು ಶೆಡ್ಡಿಗೆ ಕರೆತಂದೆ. "ಯಪ್ಪಾ, ಖರೇ ಹೇಳು. ಅಲ್ಲಿ ಏನ ಬರಸೀದಿ?"

"ಏನೂ ಇಲ್ಲೋ" ಅಂದ ಅಪ್ಪ.

"ಮತ್ತ ಯಾಕ ಹೋಗತಿ?"

"ಮ್ಯಾಲೆ ತಂಪ ಇರತೈತಿ. ಚಾ ಕೊಡತಾನ. ನಮ್ಮ ಓಣಿ ಮುದುಕರನ್ನ ನಾನ ಕರಕೊಂಡ ಬರತೇನಿ, ಅವರು ಬರಸೂತನಾ ನಾ ಕುಂತಿರತೇನಿ."

ಅಂದರೆ ಬನಹಟ್ಟಿಯ ಗಿರಾಕಿಗಳನ್ನು ಅವನಿಗೆ ಒಯ್ದು ಕೊಡುತ್ತಿದ್ದವನು ನನ್ನ ಅಪ್ಪನೇ! ಅಪ್ಪ ಅತ್ತ ಇತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದ.

"ಲೇ, ನಾ ಒಂದ ಕಾಗದ ಮಾಡಿಟ್ಟೆ ಅಂತ ತಿಳಿ. ಸಿಕ್ಕಾಂವಗ ಸಿಕ್ಕತು ಅಂತ ಸಮಾಧಾನ, ಸಿಗಲಾರದಾಂವಗ ಇನ್ನ ಸಿಗೂದಿಲ್ಲ ಅಂತ ಸಮಾಧಾನ. ಇಬ್ಬರ ಹೊಟ್ಟಿಕಿಚ್ಚೂ ಆರಿ ಹೊಕ್ಕೈತಿ. ಈಗ ನೋಡು, ನಿಮ್ಮ ಆ ಕಿಚ್ಚಿನ ಮ್ಯಾಲೆನ ನಂದೂ ನಿಮ್ಮವ್ವಂದೂ ನೀರ ಕಾಯಾಕತ್ತಾವು, ಅನ್ನ ಬೇಯಾಕತ್ತೈತಿ. ಅದಕ್ಕ ಮೆಟ್ಟಲಾ ಹತ್ತತೇನಿ, ಇಳೀತೇನಿ. ಅಷ್ಟ." ಆಮೇಲೆ ನನ್ನ ಕೈ ಹಿಡಿದು, "ತಮ್ಮಗ ಹೇಳಬ್ಯಾಡ. ನಿನ್ನ ಮ್ಯಾಲೆ ಭರೋಸಾ ಐತಿ ಅಂತ ನಿನಗೊಬ್ಬಂವಗ ಹೇಳೇನಿ" ಅಂದ.

ನನಗೊಬ್ಬನಿಗೇ! ನನ್ನ ಎದೆ ಉಬ್ಬಿತು, ಕಣ್ಣು ತುಂಬಿ ಬಂತು. ಕಾಗದ ಹಾಳಾಗಿ ಹೋಗಲಿ, ಭರೋಸಾ ನನ್ನ ಹೆಸರಿಗೆ ಆಯಿತಲ್ಲ. ಅಪ್ಪನನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಬಂದು, ಎದುರಿನ ಬೋರ್ಡಿನ ಕಡೆ ಮೊದಲ ಸಲ ಹೊಟ್ಟೆ ತಂಪಾಗಿ ನೋಡಿದೆ.

ಆ ಭಾನುವಾರ ಬನಹಟ್ಟಿಗೆ ಹೋದೆ. ತಮ್ಮ ಅಪ್ಪನಿಗೆ ಹೊಸ ಗಾದಿ ಹಾಸುತ್ತಿದ್ದ. ಪಾಪ, ಏನೂ ಗೊತ್ತಿಲ್ಲದೆ ದುಡಿಯುತ್ತಿದ್ದಾನೆ ಅಂತ ನಾನು ಮೀಸೆಯಲ್ಲೇ ನಕ್ಕೆ. ನನ್ನ ಕೈಯಲ್ಲಿದ್ದ ಹಣ್ಣಿನ ಚೀಲ ನೋಡಿ ಅವನೂ ನಕ್ಕ.

"ಯಾಕ ನಗತೀಯೋ?" ಅಂದೆ.

"ನೀ ಯಾಕ ನಗತಿ ಅಣ್ಣಾ?"

ಇಬ್ಬರೂ ಮಗ್ಗದ ಶೆಡ್ಡಿಗೆ ಹೋದೆವು. ಆ ಸದ್ದಿನಲ್ಲಿ ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ತಮ್ಮ ತಡೆಯಲಾರದೆ ನನ್ನ ಕಿವಿಯಲ್ಲಿ ಕೂಗಿದ: "ಅಪ್ಪ ಅಲ್ಲಿ ಏನೂ ಬರಸಿಲ್ಲೋ ಅಣ್ಣಾ! ನಿನಗ ಹೇಳಬ್ಯಾಡ ಅಂದಾನ. ನನ್ನೊಬ್ಬನ ಮ್ಯಾಲೆ ಭರೋಸಾ ಐತಂತ!"

"ನಿನಗ ಯಾವಾಗ ಹೇಳಿದ?"

"ಹ್ವಾದ ದೀಪಾವಳಿಗೆ."

ದೀಪಾವಳಿಗೆ! ನನಗೆ ಹೇಳಿದ್ದು ಮೊನ್ನೆ, ಅವನಿಗೆ ದೀಪಾವಳಿಗೆ! ದೇವರಾಣೆಗೂ ಹೇಳುತ್ತೇನೆ, ಮನೆ ಮಗ್ಗ ಎರಡನ್ನೂ ಅವನ ಹೆಸರಿಗೆ ಬರೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ತಮ್ಮನ ಮುಖವೂ ಕಪ್ಪಿಟ್ಟಿತು. ಅಷ್ಟು ತಿಂಗಳು ತನ್ನೊಬ್ಬನದೇ ಅಂತ ಜೋಪಾನ ಮಾಡಿದ ಗುಟ್ಟು ನನಗೂ ಸಿಕ್ಕಿದೆ ಅಂತ ಅವನಿಗೆ ತಿಳಿದು ಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೂಕಿಕೊಂಡು ಒಳಗೆ ನುಗ್ಗಿದೆವು.

"ಯಪ್ಪಾ, ಅವಗ ದೀಪಾವಳಿಗಿ ಹೇಳಿ ನನಗ ಈಗ ಹೇಳ್ತೀಯೇನು?" ಅಂತ ನಾನು.

"ಯಪ್ಪಾ, ನನಗೊಬ್ಬಂವಗ ಅಂತ ಹೇಳಿ ಅಣ್ಣಗ ಯಾಕ ಹೇಳೀದಿ?" ಅಂತ ತಮ್ಮ.

ಅಪ್ಪ ಹೊಸ ಗಾದಿಯ ಮೇಲೆ ಕಾಲು ಚಾಚಿ ಕೂತು ಕರದಂಟು ಕಡಿಯುತ್ತಿದ್ದ. ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಅವ್ವನ ಕಡೆ ತಿರುಗಿ, ಆಕೆಯ ಮಷೀನಿಗೆ ಕೇಳಿಸುವ ಹಾಗೆ ಹೇಳಿದ:

"ನೋಡ್ಬೇ, ಹುಡುಗರ ಕಿಚ್ಚ ಆರಾಕತ್ತೈತಿ ಅಂತ ಅಂಜಿಕೋತ ಕುಂತಿದ್ದಿ. ಮತ್ತ ಹೊತ್ತಿತಿಲ್ಲೋ? ಇನ್ನೊಂದ ವರ್ಷ ಚಿಂತಿಲ್ಲ."